ಭಾರ ಎತ್ತಿಸುವುದಕ್ಕೆ ಪದವಿ ಏಕೆ?

ದಾವಣಗೆರೆಯ ಓದುಗರೊಬ್ಬರು, ಹೆಸರು ಅಚ್ಚಾಗುವುದು ಬೇಡವೆಂದು ಕೇಳಿಕೊಂಡು, ಬರೆದ ಪತ್ರದ ಸಾರ ಇದು: ‘ನಾನು ಸಾರಿಗೆ ಬಸ್ಸಿನಲ್ಲಿ ನಿರ್ವಾಹಕ. ಮಗಳು ವಿಜ್ಞಾನ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದಾಳೆ. ಕಬಡ್ಡಿ ತಂಡದಲ್ಲಿದ್ದವಳು, ಈಗ ಫಿಟ್‌ನೆಸ್ ಟ್ರೈನರ್ ಆಗುತ್ತೇನೆ, ಅದಕ್ಕೆ ಮೂರು ವರ್ಷದ ಪದವಿ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನಲ್ಲಿ ಜಿಮ್ ನಡೆಸುವ ನನ್ನ ಭಾವಮೈದುನ, ಆರು ವಾರದ ಸರ್ಟಿಫಿಕೇಟ್ ಕೋರ್ಸು ಮಾಡಿಕೊಂಡು ಬರಲಿ, ಮರುದಿನವೇ ಕೆಲಸ ಕೊಡುತ್ತೇನೆ ಎನ್ನುತ್ತಾನೆ. ಭಾರ ಎತ್ತಿಸುವುದಕ್ಕೆ ಪದವಿ ಏಕೆ? ನಾಳೆ ಗಂಡಿನ ಕಡೆಯವರು ಹುಡುಗಿ ಏನು ಓದಿದ್ದಾಳೆ ಎಂದು ಕೇಳಿದರೆ ಏನು ಹೇಳಲಿ?’

ಮಾನ್ಯರೇ,

ನಿಮ್ಮ ಭಾವಮೈದುನನ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ನಮ್ಮ ಗರಡಿಮನೆಗಳ ಉಸ್ತಾದರು ಕಾಲೇಜಿನ ಮೆಟ್ಟಿಲು ಹತ್ತದೆಯೇ ಮೂರು ತಲೆಮಾರಿನ ಪೈಲ್ವಾನರನ್ನು ತಯಾರು ಮಾಡಿದ್ದಾರೆ ಎಂಬುದನ್ನು ದಾವಣಗೆರೆಯವರಿಗೆ ನಾನು ಹೇಳಬೇಕಾಗಿಲ್ಲ. ಪದವಿಯಿಲ್ಲದ ಒಳ್ಳೆಯ ತರಬೇತುದಾರರು ಇಂದಿಗೂ ಇದ್ದಾರೆ. ಮೂರು ವರ್ಷದ ಶುಲ್ಕ, ಹಾಸ್ಟೆಲ್ಲಿನ ಖರ್ಚು ನಿಮ್ಮ ಸಂಬಳಕ್ಕೆ ಹಗುರವೂ ಅಲ್ಲ. ಇಷ್ಟನ್ನೂ ಒಪ್ಪಿಕೊಂಡ ಮೇಲೆ ಹೇಳುತ್ತೇನೆ, ನಾನು ನಿಮ್ಮ ಮಗಳ ಪಕ್ಷ.

ಗರಡಿಗೆ ಬರುತ್ತಿದ್ದವರು ಮೀಸೆ ಚಿಗುರುವ ವಯಸ್ಸಿನ ಗಟ್ಟಿಮುಟ್ಟು ಹುಡುಗರು. ಉಸ್ತಾದನಿಗೆ ಅವರ ಮನೆತನ, ಊಟ, ಉಸಿರು ಎಲ್ಲವೂ ಗೊತ್ತಿರುತ್ತಿತ್ತು. ಇಂದು ಜಿಮ್ಮಿಗೆ ಬರುವವರು ಬೇರೆ: ಸಕ್ಕರೆ ಕಾಯಿಲೆ ಇದೆಯೆಂದು ಕಳೆದ ತಿಂಗಳಷ್ಟೇ ತಿಳಿದ ಗುಮಾಸ್ತರು, ಹೆರಿಗೆಯಾಗಿ ಆರು ತಿಂಗಳಾದ ತಾಯಿ, ಮಂಡಿ ಸವೆದ ನಿವೃತ್ತ ಶಿಕ್ಷಕಿ. ಇವರಿಗೆ ಏನು ಮಾಡಿಸಬೇಕು ಎಂಬುದಕ್ಕಿಂತ ಏನು ಮಾಡಿಸಬಾರದು, ಎಲ್ಲಿ ನಿಲ್ಲಿಸಬೇಕು ಎಂಬುದೇ ದೊಡ್ಡ ವಿದ್ಯೆ, ಮತ್ತು ಆ ವಿದ್ಯೆ ಆರು ವಾರದಲ್ಲಿ ಕೈಗೆ ಹತ್ತುವಂಥದಲ್ಲ.

ನನ್ನ ಪರಿಚಯದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಪ್ರಸಂಗ ಕೇಳಿ. ವಯಸ್ಸು 58, ರಕ್ತದೊತ್ತಡಕ್ಕೆ ದಿನವೂ ಮೆಟೊಪ್ರೊಲಾಲ್ ಮಾತ್ರೆ. ಅವರು ಸೇರಿದ ಜಿಮ್ಮಿನ ಯುವಕ ಗೋಡೆಯ ಮೇಲಿನ ಪಟ್ಟಿಯನ್ನು ನೋಡಿ, 220ರಲ್ಲಿ ವಯಸ್ಸು 58 ಕಳೆದು, ಎದೆಬಡಿತದ ಗರಿಷ್ಠ ಮಿತಿ 162 ಎಂದು ಲೆಕ್ಕ ಹಾಕಿ, ಅದರ ಶೇಕಡಾ 70ರಿಂದ 80, ಅಂದರೆ ನಿಮಿಷಕ್ಕೆ 113ರಿಂದ 130ರವರೆಗೆ, ಎದೆಬಡಿತ ಏರಲೇಬೇಕೆಂದು ನಿಗದಿ ಮಾಡಿದ. ಟ್ರೆಡ್‌ಮಿಲ್ಲಿನ ಪರದೆ 100ರ ಆಸುಪಾಸಿನಲ್ಲೇ ನಿಂತಿತ್ತು. ‘ಸರ್, ನೀವು ಶ್ರಮವನ್ನೇ ಹಾಕುತ್ತಿಲ್ಲ’ ಎಂದು ವೇಗ ಹೆಚ್ಚಿಸುತ್ತಲೇ ಹೋದ. ಕೊನೆಗೆ ಅವರು ಕಣ್ಣು ಕತ್ತಲೆಗಟ್ಟಿ ಪಕ್ಕದ ಕಂಬಿ ಹಿಡಿದು ಕುಸಿದರು; ಪುಣ್ಯಕ್ಕೆ ಮೂಗೇಟಿನಲ್ಲಿ ಮುಗಿಯಿತು. ಎದೆಬಡಿತವನ್ನು ತಗ್ಗಿಸಿಡುವುದೇ ಆ ಮಾತ್ರೆಯ ಕೆಲಸ ಎಂದು ಆ ಹುಡುಗನಿಗೆ ಯಾರೂ ಕಲಿಸಿರಲಿಲ್ಲ. ಕೆನಡಾದಲ್ಲಿ ರೂಪುಗೊಂಡು ಜಗತ್ತಿನೆಲ್ಲೆಡೆ ಬಳಕೆಗೆ ಬಂದ, ವ್ಯಾಯಾಮಕ್ಕೆ ಮುಂಚೆ ಕೇಳಬೇಕಾದ ಏಳು ಪ್ರಶ್ನೆಗಳ ಪಟ್ಟಿಯೊಂದಿದೆ; ಬಿ.ಪಿ. ಅಥವಾ ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂಬುದು ಅದರಲ್ಲಿ ಒಂದು. ಆ ಜಿಮ್ಮಿನಲ್ಲಿ ಇವರನ್ನು ಕೇಳಿದ್ದು ಒಂದೇ ಪ್ರಶ್ನೆ, ಹಣ ನಗದೋ ಯುಪಿಐಯೋ ಎಂದು.

ಆ 220ರ ಸೂತ್ರದ ಕಥೆಯೇ ಕಾಲೇಜಿನಲ್ಲಿ ಕೇಳಬೇಕಾದ ಕಥೆ. 1971ರಲ್ಲಿ ಫಾಕ್ಸ್ ಎಂಬ ಸಂಶೋಧಕ ಮತ್ತು ಸಂಗಡಿಗರು ಆಗ ಸಿಕ್ಕ ಹಲವು ಅಧ್ಯಯನಗಳ ಅಂಕಿಗಳ ನಡುವೆ ಅಂದಾಜಿನಲ್ಲಿ ಒಂದು ಗೆರೆ ಎಳೆದರು. ಆ ಗೆರೆ ಮುಂದೆ ಶಾಸನವಾಗಿಬಿಟ್ಟಿತು. 2001ರಲ್ಲಿ ತನಾಕಾ ಮತ್ತು ಜೊತೆಗಾರರು ಅದನ್ನು ತಿದ್ದಿ, ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಿರಿ ಎಂದರು. ಆಗಲೂ ಒಬ್ಬರಿಗೂ ಇನ್ನೊಬ್ಬರಿಗೂ ಹತ್ತಾರು ಬಡಿತಗಳ ವ್ಯತ್ಯಾಸ ಸಹಜ. ಸರ್ಟಿಫಿಕೇಟ್ ಕೋರ್ಸು ಸೂತ್ರವನ್ನು ಕೊಟ್ಟು ಕಳಿಸುತ್ತದೆ, ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿಯುವುದಕ್ಕೆ ಶರೀರಕ್ರಿಯಾಶಾಸ್ತ್ರವನ್ನು ಕೂತು ಓದಬೇಕು.

ಉಸಿರು ಬಿಗಿಹಿಡಿದು ಭಾರ ಎತ್ತುವವರನ್ನು ನೀವೂ ನೋಡಿರಬಹುದು. 1985ರಲ್ಲಿ ಕೆನಡಾದ ಮ್ಯಾಕ್‌ಡೂಗಲ್ ಮತ್ತು ಸಂಗಡಿಗರು ದೇಹದಾರ್ಢ್ಯ ಪಟುಗಳ ತೋಳಿನ ರಕ್ತನಾಳಕ್ಕೇ ನಳಿಕೆ ತೂರಿಸಿ, ಅವರು ಕಾಲಿನಿಂದ ಭಾರ ಒತ್ತುವಾಗ ರಕ್ತದೊತ್ತಡ ಅಳೆದರು. ಸರಾಸರಿ 320/250, ಒಬ್ಬನಲ್ಲಿ 480/350. ಕ್ಷಣಕಾಲದ ಆ ಏರಿಕೆಯನ್ನು ಆರೋಗ್ಯವಂತ ಯುವಕ ತಡೆದುಕೊಳ್ಳುತ್ತಾನೆ. ಕಣ್ಣಿನ ಹಿಂಪರದೆ ಸಕ್ಕರೆ ಕಾಯಿಲೆಯಿಂದ ಹಾಳಾದ ಗುಮಾಸ್ತರಿಗೆ ಅದನ್ನು ಮಾಡಿಸಬಹುದೇ ಎಂದು ನಿಮ್ಮ ಭಾವಮೈದುನನನ್ನೇ ಒಮ್ಮೆ ಕೇಳಿ ನೋಡಿ.

ನೀವು ನಿರ್ವಾಹಕರೆಂದು ಓದಿದಾಗ ನನಗೆ ಖುಷಿಯಾಯಿತು, ಏಕೆಂದರೆ ವ್ಯಾಯಾಮ ವಿಜ್ಞಾನದ ಒಂದು ಅಡಿಗಲ್ಲನ್ನು ಹಾಕಿದ್ದೇ ನಿಮ್ಮ ವೃತ್ತಿಬಾಂಧವರು. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ಚಾಲಕ ದಿನವಿಡೀ ಕೂತಿರುತ್ತಿದ್ದ, ನಿರ್ವಾಹಕ ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ. ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ ಎಂದು ಸಂಶೋಧಕ ಜೆರೆಮಿ ಮಾರಿಸ್ 1953ರಲ್ಲಿ ತೋರಿಸಿದರು. ಅವರು ಅಷ್ಟಕ್ಕೇ ಬೀಗಲಿಲ್ಲ ಎಂಬುದು ನನಗೆ ಇನ್ನೂ ಹೆಚ್ಚು ಪ್ರಿಯವಾದ ಸಂಗತಿ. ಸಂಸ್ಥೆಯ ಸಮವಸ್ತ್ರದ ಅಳತೆಗಳನ್ನು ತರಿಸಿ ನೋಡಿದರು. ಚಾಲಕರ ಸೊಂಟದ ಸುತ್ತಳತೆ ಹೊಸದಾಗಿ ಕೆಲಸಕ್ಕೆ ಸೇರಿದ ವಯಸ್ಸಿನಲ್ಲೇ ಹೆಚ್ಚಿತ್ತು. ಹಾಗಾದರೆ ವ್ಯತ್ಯಾಸವೆಲ್ಲ ಮೆಟ್ಟಿಲಿನದೇ, ಅಥವಾ ಸ್ಥೂಲಕಾಯರೇ ಚಾಲಕರ ಕೆಲಸ ಹಿಡಿಯುತ್ತಿದ್ದರೇ? ತಮ್ಮ ವಾದವನ್ನೇ ಅಲುಗಾಡಿಸುವ ಈ ಅಂಕಿಗಳನ್ನು ಅವರು 1956ರಲ್ಲಿ ತಾವೇ ಪ್ರಕಟಿಸಿದರು. ಬಸ್ಸಿನವರನ್ನಷ್ಟೇ ಅಲ್ಲದೆ, ಅಂಚೆ ಹಂಚುವವರನ್ನೂ ಕುರ್ಚಿಯ ಕೆಲಸದವರನ್ನೂ ಅವರು ಹೋಲಿಸಿ ನೋಡಿದ್ದರು. ‘ಹದಿನೈದು ದಿನದಲ್ಲಿ ಹೊಟ್ಟೆ ಮಾಯ’ ಎಂದು ಮೊಬೈಲಿನಲ್ಲಿ ಕೂಗುವವನಿಗೂ ನಿಮ್ಮ ಮಗಳಿಗೂ ನಾಳೆ ಇರಬೇಕಾದ ಅಂತರ ಈ ಅನುಮಾನಪಡುವ ಶಿಸ್ತಿನದು.

ಇದು ನಿನ್ನೆ ಮೊನ್ನೆ ಹುಟ್ಟಿದ ಶೋಕಿಯೂ ಅಲ್ಲ. ಮದರಾಸಿನಲ್ಲಿ ಹ್ಯಾರಿ ಬಕ್ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ತೆರೆದದ್ದು 1920ರಲ್ಲಿ. ಗ್ವಾಲಿಯರಿನ ಲಕ್ಷ್ಮೀಬಾಯಿ ಕಾಲೇಜು 1957ರದು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದ ಕೆ.ವಿ. ಅಯ್ಯರ್ ಕನ್ನಡದ ಕಾದಂಬರಿಕಾರರೂ ಆಗಿದ್ದರು. ಮೈ ಬೆಳೆಸುವವನಿಗೆ ತಲೆ ಇರುವುದಿಲ್ಲ ಎಂಬ ಮೂದಲಿಕೆ ನಮ್ಮಲ್ಲಿ ಹೇಗೆ ಬೇರೂರಿತೋ ಕಾಣೆ. ವೇಳಾಪಟ್ಟಿಯಲ್ಲಿ ಪಿ.ಟಿ. ಪೀರಿಯಡ್ ಎಂದು ಬರೆದು, ಅದನ್ನು ಗಣಿತದ ಮೇಷ್ಟರಿಗೆ ಬಿಟ್ಟುಕೊಡುವ ಶಾಲೆಗಳಲ್ಲಿಯೇ ಅದು ಮೊಳೆತಿರಬೇಕು. ಅಲ್ಲಿ ಓದಿದ ಮಕ್ಕಳೇ ನಲವತ್ತು ದಾಟಿದ ಮೇಲೆ ಗಾಬರಿಯಾಗಿ ಜಿಮ್ಮಿಗೆ ಓಡುತ್ತಾರೆ, ಕಮಿಷನ್ನಿಗೆ ಪ್ರೋಟೀನ್ ಡಬ್ಬಿ ಮಾರುವವನನ್ನೇ ಗುರುವೆಂದು ನಂಬುತ್ತಾರೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಜಿಮ್ಮಿಗೆ ಹೋಗಬಹುದೇ ಎಂದು ಇಡೀ ರಾಜ್ಯವೇ ವೈದ್ಯರನ್ನು ಕೇಳಿತು. ಆ ಸಾವಿಗೆ ವ್ಯಾಯಾಮವೇ ಕಾರಣವೆನ್ನುವ ಅಧಿಕಾರ ನನಗಿಲ್ಲ, ಅಂದು ಹಾಗೆಂದವರಿಗೂ ಇರಲಿಲ್ಲ. ಆದರೆ ಜಿಮ್ಮುಗಳಿಗೆ ನಿಯಮ ಬೇಕೆಂಬ ಮಾತು ಎಷ್ಟು ಬೇಗ ಎದ್ದಿತೋ ಅಷ್ಟೇ ಬೇಗ ತಣ್ಣಗಾಯಿತು. ಫಿಸಿಯೊಥೆರಪಿಯವರನ್ನು 2021ರ ಕೇಂದ್ರ ಕಾಯ್ದೆಯೊಂದು ವೃತ್ತಿಪರ ನೋಂದಣಿಯ ವ್ಯಾಪ್ತಿಗೆ ತಂದಿತು, ಟ್ರೈನರನಿಗೆ ಇಂದಿಗೂ ಟೀಶರ್ಟೇ ಸನ್ನದು.

ಗಂಡಿನ ಕಡೆಯವರ ಪ್ರಶ್ನೆಯ ಬಗ್ಗೆ ನಿಮ್ಮ ಮೇಲೆ ನನಗೆ ಸ್ವಲ್ಪ ಬೇಸರವಿದೆ. ಮಗಳು ಮನುಷ್ಯದೇಹವನ್ನು ಓದುತ್ತಿದ್ದಾಳೆ ಎಂದು ಹೇಳಲು ಸಂಕೋಚವೇಕೆ? ಹೆಂಗಸರು ಮೈಕೈ ನೋವನ್ನೂ ಹೆರಿಗೆಯ ನಂತರದ ತೊಂದರೆಗಳನ್ನೂ ಬಿಚ್ಚಿ ಹೇಳಿಕೊಳ್ಳಲು ನಿಮ್ಮ ಊರಿನಲ್ಲಿ ಓದಿದ ಹೆಣ್ಣು ತರಬೇತುದಾರರು ಎಷ್ಟು ಜನ ಇದ್ದಾರೆ?

ಇನ್ನು ವ್ಯವಹಾರದ ಮಾತು. ಬಿ.ಪಿ.ಇಡಿ. ಮಾಡಿಸಿ ಎಂದು ಯಾರಾದರೂ ಹೇಳಿದರೆ ಗೊಂದಲ ಬೇಡ. ಅದು ಪದವಿಯ ಮೇಲೆ ಎರಡು ವರ್ಷ ಓದುವ, ದೈಹಿಕ ಶಿಕ್ಷಣ ಶಿಕ್ಷಕರ ತರಬೇತಿ. ಪಿಯುಸಿ ಆದವರಿಗೆ ಇರುವುದು ಬಿ.ಪಿ.ಇ.ಎಸ್., ಅಂದರೆ ದೈಹಿಕ ಶಿಕ್ಷಣ ಮತ್ತು ಕ್ರೀಡೆಯ ಪದವಿ, ಇಲ್ಲವೇ ಕ್ರೀಡಾ ವಿಜ್ಞಾನದ ಬಿ.ಎಸ್ಸಿ. ಕ್ರೀಡಾಪಟುಗಳ ಶಕ್ತಿ ಬೆಳೆಸುವ ತಜ್ಞರಿಗಾಗಿ ಅಮೆರಿಕದ ಎನ್.ಎಸ್.ಸಿ.ಎ. ಸಂಸ್ಥೆ ನಡೆಸುವ ಸಿ.ಎಸ್.ಸಿ.ಎಸ್. ಪರೀಕ್ಷೆಗೆ ಮುಂದೆ ಕೂರುವ ಆಸೆಯಿದ್ದರೆ ಅಲ್ಲಿಯೂ ಪದವಿ ಕೇಳುತ್ತಾರೆ. ಭಾವಮೈದುನನ ಆರು ವಾರದ ಕೋರ್ಸನ್ನು ಮೊದಲ ವರ್ಷದ ರಜೆಯಲ್ಲಿ ಮಾಡಲಿ. ಜಿಮ್ಮಿನ ನೆಲದ ಅಭ್ಯಾಸವೂ ಆಗುತ್ತದೆ, ಕೈಖರ್ಚಿಗೂ ಆಗುತ್ತದೆ. ಶುಲ್ಕ ಕಟ್ಟುವ ಮುನ್ನ ಮಗಳೊಡನೆ ಕಾಲೇಜಿಗೆ ಹೋಗಿ ಪ್ರಯೋಗಾಲಯ ತೋರಿಸಿ ಎನ್ನಿ. ಅಸ್ಥಿಪಂಜರದ ಮಾದರಿ, ಚರ್ಮದಡಿಯ ಕೊಬ್ಬು ಅಳೆಯುವ ಕ್ಯಾಲಿಪರ್, ಬಿ.ಪಿ. ನೋಡುವ ಯಂತ್ರ ಇವೆಯೇ, ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆಯೇ ಎಂದು ವಿಚಾರಿಸಿ. ಬೀಗದ ಕೈ ಇಟ್ಟುಕೊಂಡವರು ಇವತ್ತು ರಜೆ ಎಂದರೆ ಆ ಕಾಲೇಜನ್ನು ಬಿಟ್ಟು ಮುಂದಿನದನ್ನು ನೋಡಿ.

-ಸಂ.