ಹಳೇ ಮಾರುತಿ 800ರ ಬಾಡಿ ಸೀಳು ಬಿಟ್ಟಿದೆ, ವೆಲ್ಡಿಂಗ್ ಮಾಡಿಸಲಾ, ಗುಜರಿಗೆ ಹಾಕಲಾ?

ನಿಮ್ಮದು 2003ರ ಮಾರುತಿ 800, ಅಪ್ಪ ಓಡಿಸುತ್ತಿದ್ದ ಗಾಡಿ, ಊರು ಗದಗ. ಸರ್ವೀಸಿಗೆ ಬಿಟ್ಟಾಗ ಮುಂದಿನ ಎಡಗಡೆ ಶಾಕಬ್ಸರ್ ಮೇಲ್ತುದಿ ಕೂರುವ ಜಾಗದಲ್ಲಿ ಎರಡು ಇಂಚಿನ ಸೀಳು ಕಂಡಿದೆ. ಒಬ್ಬ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ವೆಲ್ಡಿಂಗ್ ಹೊಡೆದು ಕೊಡ್ತೀನಿ ಅಂದಿದ್ದಾನೆ, ಇನ್ನೊಬ್ಬ ಗುಜರಿಗೆ ಹಾಕಿ ಅಂದಿದ್ದಾನೆ. ಯಾರ ಮಾತು ಕೇಳಲಿ ಅನ್ನೋದು ನಿಮ್ಮ ಪ್ರಶ್ನೆ.

ಸದ್ಯಕ್ಕೆ ಇಬ್ಬರದೂ ಬೇಡ. ಈ ಸೀಳು ರಿಪೇರಿ ಆಗುವಂಥದ್ದೇ. ಆದರೆ ಅದು ಯಾಕೆ ಬಂತು ಅಂತ ತಿಳಿಯುವ ತನಕ ವೆಲ್ಡಿಂಗ್ ಮಾಡಿಸಬೇಡಿ. ನನ್ನದು 1999ರ 800. ಇದೇ ಎಡಗಡೆ, ಇದೇ ಜಾಗದಲ್ಲಿ ಸೀಳಿತ್ತು. ಮೊದಲ ಸಲ ಧಾರವಾಡದ ಒಂದು ಗ್ಯಾರೇಜಿನಲ್ಲಿ ಆರ್ಕ್ ವೆಲ್ಡಿಂಗ್ ಹೊಡೆಸಿ, ಮೇಲೆ ಪುಟ್ಟಿ ಬಳಿಸಿ, ಬಣ್ಣ ಹಾಕಿಸಿಕೊಂಡು ಬಂದೆ. ಐದೇ ತಿಂಗಳಿಗೆ ವೆಲ್ಡಿಂಗ್ ಗೆರೆಯ ಪಕ್ಕದಲ್ಲಿ, ಒಂದು ಬೆರಳು ಆಚೆ, ಹೊಸ ಸೀಳು ಬಂತು. ಈ ಸಲ ಮೊದಲಿಗಿಂತ ಉದ್ದ. ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಬ್ಬ ವಯಸ್ಸಾದ ಮಿಸ್ತ್ರಿಗೆ ತೋರಿಸಿದಾಗ ಅವರು ಸೀಳಿನ ಕಡೆ ನೋಡಲೇ ಇಲ್ಲ. ಬಾನೆಟ್ ಮೇಲೆ ಎರಡೂ ಕೈ ಊರಿ, ಗಾಡಿಯ ಮೂತಿಯನ್ನು ಒತ್ತಿ ಒತ್ತಿ ಬಿಟ್ಟರು. ಗಾಡಿ ಮೂರು ನಾಲ್ಕು ಸಲ ಕುಣಿದು ನಿಂತಿತು. "ಸರ, ಶಾಕಬ್ಸರ್ ಸತ್ತು ಎಷ್ಟ ದಿನಾ ಆತು? ಬಡತಾ ಎಲ್ಲಾ ತಗಡಿಗೆ ಬೀಳಾಕತ್ತೈತಿ. ಇದಕ್ಕ ಬರೇ ವೆಲ್ಡಿಂಗ್ ಹೊಡದ್ರ ಮತ್ತ ಸೀಳತೈತಿ" ಅಂದರು. ಅವತ್ತು ಅವರು ಹೇಳಿದ್ದು, ಮಾಡಿ ತೋರಿಸಿದ್ದು, ಆಮೇಲೆ ನಾನೇ ಓದಿಕೊಂಡದ್ದು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ. ಬೊಲೆರೊ, ಹಳೇ ಜೀಪು ಇವಕ್ಕೆಲ್ಲ ಕೆಳಗೆ ಏಣಿ ಥರದ ಬೇರೆ ಚಾಸಿ ಇರುತ್ತದೆ, ಬಾಡಿ ಅದರ ಮೇಲೆ ಕೂತಿರುತ್ತದೆ. 800ಕ್ಕೆ ಹಾಗಿಲ್ಲ. ತಗಡು ಮಡಚಿ, ಒಂದಕ್ಕೊಂದು ಸ್ಪಾಟ್ ವೆಲ್ಡ್ ಮಾಡಿದ ಬಾಡಿಯೇ ಚಾಸಿ. ಎಷ್ಟೋ ಜನರಿಗೆ ಗೊತ್ತಿಲ್ಲ, ಅಂಬಾಸಿಡರ್ ಕೂಡ ಇದೇ ಜಾತಿಯದು. ಹಾಗಾಗಿ ನಿಮ್ಮ ಗಾಡಿಯಲ್ಲಿ ಬಾಗಿಲ ಮೇಲೆ ಬಂದ ಸೀಳು ಬೇರೆ, ಶಾಕಬ್ಸರ್ ಕೂರುವ ಏಪ್ರನ್ ಮೇಲೆ ಬಂದ ಸೀಳು ಬೇರೆ. ಬಾಗಿಲಿನದು ಬರೀ ಅಂದದ ಪ್ರಶ್ನೆ. ಏಪ್ರನ್ ಮಾತ್ರ ಗಾಡಿಯ ಮುಂದಿನ ಭಾರ ಹೊರುತ್ತದೆ, ಚಕ್ರ ತಗ್ಗಿಗೆ ಬಿದ್ದಾಗಲೆಲ್ಲ ಪೆಟ್ಟು ನೇರವಾಗಿ ಅಲ್ಲಿಗೇ ಬರುತ್ತದೆ. ಅದು ಪೂರ್ತಿ ಬಿಟ್ಟುಕೊಂಡರೆ ಶಾಕಬ್ಸರ್ ಮೇಲೆದ್ದು ಬಾನೆಟ್ಟಿಗೆ ಬಡಿಯಬಹುದು, ಚಕ್ರ ಓರೆಯಾಗಿ ಸ್ಟೇರಿಂಗ್ ಕೈಗೆ ಸಿಗದೇ ಹೋಗಬಹುದು. ಅದಕ್ಕೇ ಹೇಳೋದು, ರಿಪೇರಿ ಆಗುವವರೆಗೆ ಓಡಿಸಬೇಡಿ. ಹುಬ್ಬಳ್ಳಿಗೆ ತರೋದಾದರೂ ಬೇರೆ ಗಾಡಿ ಮೇಲೆ ಹೇರಿಕೊಂಡೇ ತನ್ನಿ.

ಯಾಕೆ ಬಂತು ಅಂತ ಹುಡುಕೋದು ಕಷ್ಟವೇನಲ್ಲ. ಶಾಕಬ್ಸರ್ ಸತ್ತಿದೆಯಾ ನೋಡಿ, ಮೈಮೇಲೆ ಎಣ್ಣೆ ಸೋರಿದ ಗುರುತು ಇದ್ದರೆ ಮುಗೀತು. ಮೇಲಿನ ಮೌಂಟಿನ ರಬ್ಬರ್ ಹರಿದಿದೆಯಾ, ಒಳಗಿನ ಬಂಪ್ ಸ್ಟಾಪ್ (ಶಾಕಬ್ಸರ್ ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯುವ ಮೆತ್ತನೆ ತುಂಡು) ಪುಡಿಯಾಗಿದೆಯಾ ಅಂತಲೂ ನೋಡಿಸಿ, ಯಾಕಂದ್ರೆ ರಬ್ಬರ್ ಹೋದ ಮೇಲೆ ಲೋಹಕ್ಕೆ ಲೋಹವೇ ಬಡಿಯುತ್ತದೆ. ಹಿಂದೆ ಯಾವಾಗಾದರೂ ಮುಂದಿನಿಂದ ಗುದ್ದಿಸಿಕೊಂಡು ಎಳೆದು ನೆಟ್ಟಗೆ ಮಾಡಿಸಿದ್ದರಾ ಅಂತ ಮನೆಯಲ್ಲಿ ವಿಚಾರಿಸಿ. ಕೊನೆಯದು ನಮ್ಮ ಕಡೆಯ ಎರಿ ಮಣ್ಣು, ಅಂದರೆ ಅಂಟುವ ಕಪ್ಪು ಮಣ್ಣು. ನವಲಗುಂದ, ಅಣ್ಣಿಗೇರಿ, ಗದಗ ಕಡೆ ಮಳೆಗಾಲದಲ್ಲಿ ಹೊಲದ ದಾರಿ ಹಿಡಿದರೆ ಆ ಮಣ್ಣು ಚಕ್ರದ ಮೇಲಿನ ಕಮಾನಿನೊಳಗೆ ಹೋಗಿ ಅಂಟಿ ಕೂರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ವಾರಗಟ್ಟಲೆ ತೇವ ಹಿಡಿದಿರುತ್ತದೆ. ಹೊರಗಿನಿಂದ ಗಾಡಿ ಫಳಫಳ ಹೊಳೆಯುತ್ತಿದ್ದರೂ ಆ ಮಣ್ಣಿನ ಹಿಂದೆ ತಗಡು ಜಂಗು ತಿನ್ನುತ್ತಿರುತ್ತದೆ. ತಗಡು ತೆಳ್ಳಗಾದ ಜಾಗದಲ್ಲೇ ಸೀಳು ಮೊದಲು ಬಾಯಿ ಬಿಡೋದು. ನನ್ನ ಗಾಡಿಯಲ್ಲಿ ಸತ್ತ ಶಾಕಬ್ಸರ್, ಎರಿ ಮಣ್ಣು ಎರಡೂ ಸೇರಿದ್ದವು.

ಈಗ ಗುಜರಿಯ ಪ್ರಶ್ನೆ. ಚಕ್ರ ಬಿಚ್ಚಿಸಿ, ಕಮಾನಿನೊಳಗಿನ ಮಣ್ಣನ್ನೆಲ್ಲ ನೀರು ಹೊಡೆದು ತೆಗೆಸಿ. ಆಮೇಲೆ ಸ್ಕ್ರೂ ಡ್ರೈವರ್ ತಗೊಂಡು ಸೀಳಿನ ಸುತ್ತ ಒಂದು ಗೇಣಿನಷ್ಟು ಜಾಗವನ್ನು ಗಟ್ಟಿಯಾಗಿ ಒತ್ತಿ ನೋಡಿ. ಟಣ್ ಅಂತ ನಿಂತರೆ ಲೋಹ ಇದೆ, ಕೆಲಸ ಮಾಡಬಹುದು. ಒಳಗೆ ಇಳಿದರೆ, ಅಥವಾ ಹಪ್ಪಳದ ಥರ ಪದರ ಎದ್ದರೆ, ವೆಲ್ಡಿಂಗ್ ಹಿಡಿಯೋಕೆ ಅಲ್ಲಿ ಏನೂ ಉಳಿದಿಲ್ಲ. ಆ ಭಾಗ ಕತ್ತರಿಸಿ ಹೊಸ ತಗಡು ಕೂರಿಸಬೇಕಾಗುತ್ತದೆ. ಹಾಗೇ ಬಲಗಡೆಯೂ ನೋಡಿ. ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಆಕ್ಸಲ್ಲಿನ ಆರ್ಮ್‌ಗಳು ಬಾಡಿಗೆ ಸೇರುವ ಜಾಗ, ಅದನ್ನೂ ಒತ್ತಿ ನೋಡಿ. ಎಲ್ಲ ಕಡೆ ಸ್ಕ್ರೂ ಡ್ರೈವರ್ ಇಳಿಯುತ್ತಿದ್ದರೆ, ಬೇಜಾರಾದರೂ ಹೇಳ್ತೀನಿ, ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ. ಅಪ್ಪನ ಗಾಡಿ ಅನ್ನೋ ಪ್ರೀತಿ ನನಗೆ ಅರ್ಥ ಆಗುತ್ತದೆ. ಎರಡು ಇಂಚಿನ ಒಂದು ಸೀಳಿಗೆ ಹೆದರಿ ಮಾರಬೇಡಿ, ಹಾಗೇ ಪೂರ್ತಿ ಜಂಗು ತಿಂದದ್ದನ್ನು ಪ್ರೀತಿಗೋಸ್ಕರ ರಸ್ತೆಗೆ ಇಳಿಸಲೂಬೇಡಿ.

ಲೋಹ ಗಟ್ಟಿ ಇದೆ ಅಂದುಕೊಳ್ಳೋಣ. ಆಗ ಕೆಲಸ ಹೀಗೆ ನಡೆಯಬೇಕು.

ಸೀಳು ಕಣ್ಣಿಗೆ ಎಷ್ಟು ಕಾಣುತ್ತದೋ ಅದಕ್ಕಿಂತ ಯಾವಾಗಲೂ ಸ್ವಲ್ಪ ಉದ್ದ ಇರುತ್ತದೆ. ತುದಿ ಕೂದಲಿಗಿಂತ ಸಣ್ಣ. ಬಣ್ಣ, ಪುಟ್ಟಿ ಎಲ್ಲ ತೆಗೆದು ಬರೀ ಲೋಹ ಕಾಣುವ ಹಾಗೆ ಮಾಡಿಸಿ. ಈ ತುದಿ ಹುಡುಕೋಕೆ ಡೈ ಪೆನೆಟ್ರಂಟ್ ಅಂತ ಸ್ಪ್ರೇ ಡಬ್ಬಿಗಳು ಸಿಗುತ್ತವೆ. ಕೆಂಪು ಬಣ್ಣ ಹೊಡೆದು, ಹತ್ತು ನಿಮಿಷ ಬಿಟ್ಟು, ಒರೆಸಿ, ಮೇಲೆ ಬಿಳಿ ಹೊಡೆದರೆ ಸೀಳಿದ ಕಡೆಯಷ್ಟೇ ಕೆಂಪು ಗೆರೆ ಮೂಡುತ್ತದೆ. ನನ್ನ ಮಿಸ್ತ್ರಿ ಮಾಡಿದ್ದು ಹಳೇ ವಿಧಾನ. ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಸೀಳಿನೊಳಗೆ ಉಳಿದ ಎಣ್ಣೆ ಮೇಲೆ ಬಂದು ಸುಣ್ಣ ಒದ್ದೆಯಾಯಿತು. ಎರಡು ಇಂಚು ಅಂದುಕೊಂಡಿದ್ದು ಮೂರರ ಹತ್ತಿರ ಇತ್ತು. ಯಾವ ವಿಧಾನ ಆದರೂ ವೆಲ್ಡಿಂಗಿಗೆ ಮುಂಚೆ ಆ ಎಣ್ಣೆ, ಬಣ್ಣ ಪೂರ್ತಿ ತೊಳೆದು ಒಣಗಿಸಲೇಬೇಕು.

ತುದಿ ಸಿಕ್ಕ ಮೇಲೆ ಅಲ್ಲಿ ಸುಮಾರು 3 ಮಿಲಿಮೀಟರ್ ತೂತು ಕೊರೆಯುತ್ತಾರೆ. ಸೀಳಿರುವ ಗಾಡಿಗೆ ಮತ್ತೆ ತೂತು ಯಾಕೆ ಅಂತ ನಾನೂ ಕೇಳಿದ್ದೆ. ಸೀಳಿನ ತುದಿ ಚೂಪಾಗಿರುತ್ತದೆ, ಪೆಟ್ಟು ಬಿದ್ದಾಗಲೆಲ್ಲ ಒತ್ತಡ ಎಲ್ಲ ಆ ಚೂಪಿಗೇ ಹೋಗಿ ಕೂರುತ್ತದೆ, ಸೀಳು ಮುಂದೆ ಹೋಗುತ್ತದೆ. ತುದಿಯನ್ನು ದುಂಡಗೆ ಮಾಡಿದರೆ ಒತ್ತಡ ಹರಡುತ್ತದೆ. ಹರಿಯುತ್ತಿರುವ ಬಟ್ಟೆಗೆ ತುದಿಯಲ್ಲಿ ಗಂಟು ಹಾಕ್ತಾರಲ್ಲ, ಹಾಗೆ. ನನ್ನ ಗಾಡಿಯಲ್ಲಿ ಮೊದಲ ಗ್ಯಾರೇಜಿನವರು ಈ ಕೆಲಸವನ್ನೇ ಬಿಟ್ಟಿದ್ದರು. ಆಮೇಲೆ ಸೀಳಿನ ಉದ್ದಕ್ಕೂ ಗ್ರೈಂಡರಿನಲ್ಲಿ ಸಣ್ಣ ತೋಡು ಮಾಡಿ ವೆಲ್ಡಿಂಗ್ ಒಳಗಿನ ತನಕ ಇಳಿಯುವಂತೆ ನೋಡಿಕೊಳ್ಳುತ್ತಾರೆ.

ವೆಲ್ಡಿಂಗ್ ಸಿಒ2 ಮಷೀನಿನಲ್ಲೇ ಆಗಬೇಕು, ಕೆಲವರು ಮಿಗ್ ಅಂತಾರೆ, ತೆಳು ತಂತಿಯದು. ಗೇಟು, ಗ್ರಿಲ್ ಮಾಡುವ ಆರ್ಕ್ ಕಡ್ಡಿ ಈ ತಗಡಿಗೆ ಆಗಲ್ಲ, ತೂತು ಬೀಳುತ್ತದೆ, ಅದನ್ನು ಮುಚ್ಚೋಕೆ ಹೋಗಿ ಸುತ್ತಲಿನದನ್ನೆಲ್ಲ ಸುಡುತ್ತಾರೆ. ಗ್ಯಾಸ್ ವೆಲ್ಡಿಂಗ್ ಕೂಡ ಜಾಸ್ತಿ ಜಾಗ ಕಾಯಿಸಿ ತಗಡು ಸೊಟ್ಟ ಮಾಡುತ್ತದೆ. ಸಿಒ2ದಲ್ಲೂ ಒಂದೇ ಸಮ ಎಳೆಯಬಾರದು, ಚುಕ್ಕಿ ಚುಕ್ಕಿ ಹಾಕುತ್ತಾ, ಆರಲು ಬಿಡುತ್ತಾ ಹೋಗಬೇಕು. ಇನ್ನೂ ಮುಖ್ಯ, ಆ ಹೊತ್ತಿಗೆ ಶಾಕಬ್ಸರ್ ಬಿಚ್ಚಿರಬೇಕು, ಗಾಡಿಯ ಭಾರ ಸ್ಟ್ಯಾಂಡಿನ ಮೇಲೆ ಇರಬೇಕು. ಭಾರ ಇರುವಾಗಲೇ ವೆಲ್ಡ್ ಮಾಡಿದರೆ ಬಾಯಿ ತೆರೆದ ಸೀಳನ್ನು ಹಾಗೇ ಅಂಟಿಸಿದ ಹಾಗಾಗುತ್ತದೆ, ಚಕ್ರದ ಓರೆ ಹಾಗೇ ಉಳಿಯುತ್ತದೆ. ಶುರು ಮಾಡುವ ಮುಂಚೆ ಎಡ ಬಲ ಶಾಕಬ್ಸರ್ ಬೋಲ್ಟುಗಳ ನಡುವಿನ ಅಳತೆ, ಅಡ್ಡ ಕರ್ಣದ ಅಳತೆ ಎರಡನ್ನೂ ಟೇಪ್ ಹಿಡಿದು ಬರೆದುಕೊಳ್ಳಿ. ಎರಡು ಕರ್ಣ ಒಂದಕ್ಕೊಂದು ಹೊಂದದೆ ಇದ್ದರೆ ಮೊದಲು ಎಳೆದು ಸರಿ ಮಾಡಿಸಬೇಕು.

ವೆಲ್ಡಿನ ಮೇಲೆ ಬಲ ಕೊಡುವ ಒಂದು ತಗಡಿನ ಪಟ್ಟಿ ಹಾಕಿಸಿ. ಇಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ಗಟ್ಟಿ ಇರಲಿ ಅಂತ 3 ಮಿಲಿಮೀಟರಿನ ಪಟ್ಟಿ ಹಾಕಿದರೆ ಅದು ಬಗ್ಗುವುದಿಲ್ಲ, ಅದರ ಅಂಚಿನಲ್ಲಿರುವ ತೆಳು ತಗಡು ಬಗ್ಗಿ ಬಗ್ಗಿ ಅಲ್ಲಿ ಸೀಳುತ್ತದೆ. ಮೂಲ ತಗಡು ಎಷ್ಟು ದಪ್ಪವೋ ಪಟ್ಟಿಯೂ ಹೆಚ್ಚುಕಡಿಮೆ ಅಷ್ಟೇ ಇರಲಿ, ಮೂಲೆಗಳು ದುಂಡಗಿರಲಿ. ಪಟ್ಟಿಯಲ್ಲಿ ಅಲ್ಲಲ್ಲಿ ತೂತು ಮಾಡಿ, ಆ ತೂತಿನ ಮೂಲಕ ಕೆಳಗಿನ ತಗಡಿಗೆ ಹಿಡಿಯುವಂತೆ ವೆಲ್ಡ್ ಮಾಡಿಸಿ. ಎರಡು ತಗಡಿನ ನಡುವೆ ಜಿಂಕ್ ಪ್ರೈಮರ್ ಹೊಡೆಯಲೇಬೇಕು, ಮುಚ್ಚಿದ ಮೇಲೆ ಅಲ್ಲಿಗೆ ಬ್ರಶ್ ಹೋಗಲ್ಲ ಅಲ್ವಾ.

ಬೆಂಕಿಯ ಬಗ್ಗೆ ದಯವಿಟ್ಟು ಅಸಡ್ಡೆ ಬೇಡ. ಬ್ಯಾಟರಿಯ ಎರಡೂ ವೈರ್ ಬಿಚ್ಚಿಸಿ, ಎಂಪಿಎಫ್‌ಐ ಗಾಡಿ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವುದು) ಆದರೆ ಇಸಿಎಂನ, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಪ್ಲಗ್ ಕೂಡ ತೆಗೆಸಿ. ವೆಲ್ಡಿಂಗಿನ ಅರ್ಥ್ ಕ್ಲಾಂಪ್ ಕೆಲಸದ ಜಾಗದ ಪಕ್ಕದಲ್ಲೇ ಇರಲಿ, ದೂರ ಹಾಕಿದರೆ ಕರೆಂಟು ಬೇರಿಂಗಿನ ಮೂಲಕ ಹರಿದು ಅದನ್ನು ಹಾಳು ಮಾಡಬಹುದು. ಪೆಟ್ರೋಲ್ ಪೈಪು, ಬ್ರೇಕ್ ಪೈಪು, ವೈರಿಂಗ್ ಪಕ್ಕಕ್ಕೆ ಸರಿಸಿರಬೇಕು. ಗ್ಯಾಸ್ ಕಿಟ್ ಇದ್ದರೆ ಸಿಲಿಂಡರ್ ಗಾಡಿಯಿಂದ ಹೊರಗೆ ಇಟ್ಟ ಮೇಲೆಯೇ ಕೆಲಸ. ತಗಡಿನ ಆಚೆ ಮಗ್ಗುಲಿಗೆ ಸದ್ದು ತಡೆಯಲು ಡಾಂಬರಿನ ಹಾಳೆ ಅಂಟಿಸಿರುತ್ತಾರೆ, ಅದು ಹೊಗೆಯಾಡುತ್ತಾ ಗೊತ್ತಾಗದೆ ಹತ್ತಿಕೊಳ್ಳುತ್ತದೆ. ಒಬ್ಬರು ನೀರು, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಳಗಡೆ ನೋಡುತ್ತಾ ನಿಂತಿರಲಿ, ಕೆಲಸ ಮುಗಿದ ಮೇಲೂ ಅರ್ಧ ಗಂಟೆ.

ವೆಲ್ಡ್ ಆದ ಮೇಲೆ ಪುಟ್ಟಿ ಬೇಡ. ಪ್ರೈಮರ್, ಅಂಚಿಗೆ ಸೀಲಂಟ್, ಬಣ್ಣ, ಪೊಳ್ಳು ಜಾಗದೊಳಗೆ ವ್ಯಾಕ್ಸ್. ಅಷ್ಟೇ ಸಾಕು. ಜಂಗಿನ ಮೇಲೇ ಕಪ್ಪು ಅಂಡರ್ ಕೋಟಿಂಗ್ ಬಳಿದರೆ ಒಳಗಿನ ತೇವ ಅಲ್ಲೇ ಕೂರುತ್ತದೆ. ಶಾಕಬ್ಸರ್, ಮೌಂಟ್ ಎರಡೂ ಕಡೆ ಒಟ್ಟಿಗೆ ಹೊಸದು ಹಾಕಿಸಿ, ಎಡಗಡೆ ಒಂದೇ ಹಾಕಿಸಿದರೆ ಎರಡು ಕಡೆ ಪೆಟ್ಟು ತಡೆಯೋದು ಒಂದೇ ಸಮ ಇರಲ್ಲ. ಕೊನೆಗೆ ವೀಲ್ ಅಲೈನ್‌ಮೆಂಟ್.

ಎರಡು ಎಚ್ಚರಿಕೆ. ಚಕ್ರವನ್ನು ಹಿಡಿದಿಡುವ, ತಿರುಗಿಸುವ ಭಾಗಗಳಾದ ಸ್ಟೇರಿಂಗ್ ನಕಲ್, ಲೋಯರ್ ಆರ್ಮ್, ಟೈ ರಾಡ್ ಇವುಗಳಲ್ಲಿ ಸೀಳು ಕಂಡರೆ ಯಾರು ಏನೇ ಹೇಳಲಿ ವೆಲ್ಡ್ ಮಾಡಿಸಬೇಡಿ, ಬದಲಾಯಿಸಿ. ಇನ್ನೊಂದು, ಚಾಸಿ ನಂಬರ್ ಕೆತ್ತಿರುವ ಜಾಗ ಎಲ್ಲಿದೆ ಅಂತ ಮೊದಲೇ ನೋಡಿಕೊಂಡು ಅಲ್ಲಿಗೆ ಗ್ರೈಂಡರ್ ತಾಗದಂತೆ ಹೇಳಿ. ನಿಮ್ಮ ಗಾಡಿಗೆ 2018ಕ್ಕೆ 15 ವರ್ಷ ಮುಗಿದಿದೆ, ಆಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ ಇರುತ್ತದೆ. ಆರ್‌ಟಿಒದಲ್ಲಿ ತಪಾಸಣೆಗೆ ನಿಂತಾಗ ಆ ನಂಬರ್ ಸರಿಯಾಗಿ ಕಾಣದಿದ್ದರೆ ತುಂಬಾ ಓಡಾಟ ಆಗುತ್ತದೆ.

ನನಗೆ ಎರಡನೇ ಸಲ ಶಾಕಬ್ಸರ್ ಸೇರಿ 9 ಸಾವಿರದ ಹತ್ತಿರ ಬಿತ್ತು, ಮೂರು ದಿನ ಹಿಡಿಯಿತು. ಅದಾಗಿ ನಾಲ್ಕು ಮಳೆಗಾಲ ಕಳೆದಿವೆ. ಪ್ರತಿ ಮಳೆಗಾಲ ಮುಗಿದ ಮೇಲೆ ಚಕ್ರ ಬಿಚ್ಚಿಸಿ, ಮಣ್ಣು ತೊಳೆಸಿ, ಆ ಪಟ್ಟಿಯ ಅಂಚನ್ನು ಬ್ಯಾಟರಿ ಬೆಳಕಿನಲ್ಲಿ ನೋಡುತ್ತೇನೆ. ಬಣ್ಣದಲ್ಲಿ ಕೂಡ ಗೆರೆ ಬಿದ್ದಿಲ್ಲ. ನೀವು ಮೊದಲು ಸ್ಕ್ರೂ ಡ್ರೈವರಿನಿಂದ ಒತ್ತಿ ನೋಡಿ. ಏನಾಯಿತು ಅಂತ ತಿಳಿಸಿ, ಚಕ್ರ ಬಿಚ್ಚಿ ಕೆಳಗಿನಿಂದ ತೆಗೆದ ಫೋಟೋ ಇದ್ದರೆ ಇನ್ನೂ ಒಳ್ಳೆಯದು.