ಬದುಕು ಇರುತ್ತದೆ, ಆದರೆ ಮೊದಲು ಮೂತ್ರದ ಮಾತು

ನಿಮ್ಮ ಪ್ರಶ್ನೆ ಇದು: "ಇಪ್ಪತ್ತೆಂಟು ವರ್ಷದ ತಮ್ಮ ಮೂರು ತಿಂಗಳ ಹಿಂದೆ ಅಡಿಕೆ ಮರದಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶವಿಲ್ಲ. ಇನ್ನು ಅವನಿಗೆ ಬದುಕು ಎಂಬುದು ಇರುತ್ತದೆಯೇ?"

ನಾನೂ ಅಡಿಕೆ ಮರದಿಂದಲೇ ಬಿದ್ದವನು. ಹನ್ನೊಂದು ವರ್ಷವಾಯಿತು. ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಆ ಮಳೆಗಾಲ ಜನ ಸಿಗಲಿಲ್ಲವೆಂದು ನಾನೇ ಹತ್ತಿದೆ. ಪಾಚಿ ಕಟ್ಟಿದ ಮರ, ಕಾಲು ಜಾರಿತು. ಬೆನ್ನುಮೂಳೆಯ ಡಿ-12, ಅಂದರೆ ಎದೆಭಾಗದ ಕೊನೆಯ ಕಶೇರು, ಮುರಿಯಿತು. ನನ್ನ ವಾರ್ಡಿನಲ್ಲಿ ಮರದಿಂದ ಬಿದ್ದವರು ಇನ್ನಿಬ್ಬರಿದ್ದರು. ಮಲೆನಾಡಿನವರಿಗೆ ಇದು ಹೊಸ ಕಥೆಯಲ್ಲ.

ನಡೆಯುತ್ತಾನೆಯೇ ಎಂಬುದಕ್ಕೆ ನಾನು ಉತ್ತರ ಹೇಳಲಾರೆ. ಚೇತರಿಕೆಯ ಬಹುಪಾಲು ಮೊದಲ ಆರು ತಿಂಗಳಲ್ಲಿ ಆಗುತ್ತದೆ, ಆಮೇಲೂ ಸ್ವಲ್ಪ ಸ್ವಲ್ಪ ಆಗುವುದುಂಟು. ಗುದದ್ವಾರದ ಸುತ್ತ ಸ್ಪರ್ಶ ಉಳಿದಿದೆಯೇ ಎಂದು ವೈದ್ಯರನ್ನು ಕೇಳಿ, ಅದು ಮುಖ್ಯವಾದ ಸುಳಿವು. ಕಾಂಡಕೋಶದ (ಸ್ಟೆಮ್ ಸೆಲ್) ಇಂಜೆಕ್ಷನ್ ಕೊಟ್ಟರೆ ಎದ್ದು ನಡೆಯುತ್ತಾನೆ ಎನ್ನುವವರು ಇಷ್ಟರಲ್ಲೇ ಫೋನ್ ಮಾಡುತ್ತಾರೆ. ನಮ್ಮ ದೇಶದಲ್ಲಿ ಬೆನ್ನುಹುರಿಗೆ ಅದು ಅಂಗೀಕೃತ ಚಿಕಿತ್ಸೆಯಲ್ಲ. ಆ ಹಣ ನಿಮಗೆ ಬಚ್ಚಲು ಕಟ್ಟಿಸಲು ಬೇಕಾಗುತ್ತದೆ.

ಈಗ ಯಾರೂ ಹೇಳದ ಮಾತು. ಎರಡನೇ ಮಹಾಯುದ್ಧಕ್ಕೆ ಮೊದಲು ಬೆನ್ನುಹುರಿ ಮುರಿದವರು ಹೆಚ್ಚಾಗಿ ಸಾಯುತ್ತಿದ್ದುದು ಮೂತ್ರದ ಸೋಂಕಿನಿಂದ, ಹಾಸಿಗೆ ಹುಣ್ಣಿನಿಂದ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಿಂದ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು ಹಿಡಿದ ದಾರಿ ಸರಳ: ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸು, ಮೂತ್ರಕೋಶ ಕಾಪಾಡು, ಕೈಗೆ ಕೆಲಸ ಕೊಡು. 1948ರ ಜುಲೈನಲ್ಲಿ ಗಾಲಿಕುರ್ಚಿಯ ಹದಿನಾರು ಮಂದಿಯಿಂದ ಬಿಲ್ಲುಗಾರಿಕೆ ಸ್ಪರ್ಧೆ ಮಾಡಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ.

ನನಗೆ ಆಪರೇಷನ್ ಮಾಡಿದ ಕಡೆ ಇದನ್ನೆಲ್ಲ ಹೇಳಿಕೊಡದೆ, ಮೂತ್ರದ ನಳಿಕೆ (ಕ್ಯಾತಿಟರ್) ಮತ್ತು ಚೀಲದ ಸಮೇತ ಮನೆಗೆ ಕಳುಹಿಸಿದರು. ವರ್ಷದಲ್ಲಿ ನಾಲ್ಕು ಬಾರಿ ಚಳಿಜ್ವರ. ಬೆನ್ನ ಕೆಳಗಿನ ಹುಣ್ಣು ಮಾಯಲು ಎಂಟು ತಿಂಗಳು ಹಿಡಿಯಿತು, ಅಷ್ಟು ದಿನ ಬೋರಲು ಮಲಗಿದ್ದೆ. ಆ ದಿನಗಳಲ್ಲಿ ನನ್ನನ್ನು ಕೇಳಿದ್ದರೆ ಬದುಕು ಇಲ್ಲ ಎಂದೇ ಹೇಳುತ್ತಿದ್ದೆ. ಆಮೇಲೆ ಒಂದು ಪುನಶ್ಚೇತನ ಕೇಂದ್ರದಲ್ಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ನಾನೇ ನಳಿಕೆ ಹಾಕಿ ಮೂತ್ರ ತೆಗೆಯುವುದನ್ನು ಕಲಿಸಿದರು. ದಿನವೂ ತಿಂಡಿ ತಿಂದ ಅರ್ಧ ಗಂಟೆಗೆ, ಅದೇ ಹೊತ್ತಿಗೆ ಶೌಚದ ಅಭ್ಯಾಸ. ಕುರ್ಚಿಯಲ್ಲಿ ಕುಳಿತಾಗ ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಕೈಯೂರಿ ಅಂಡೆತ್ತುವುದು, ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳುವುದು. ಇಷ್ಟು ಕೈಗೆ ಬಂದ ಮೇಲೆಯೇ ನನಗೆ ಬಸ್ಸಿನ, ಮದುವೆಯ, ಕೆಲಸದ ಯೋಚನೆ ಬಂದದ್ದು. ಬಟ್ಟೆ ಒದ್ದೆಯಾದೀತು ಎಂಬ ಭಯ ಇರುವವನು ಯಾರ ಮನೆಗೂ ಹೋಗುವುದಿಲ್ಲ.

ದಕ್ಷಿಣ ಕನ್ನಡದ ಕೊಕ್ಕಡದ ಸೌತಡ್ಕದಲ್ಲಿ ಬೆನ್ನುಹುರಿ ಪೆಟ್ಟಿನವರಿಗಾಗಿಯೇ ಇರುವ ಸೇವಾಧಾಮ, ಬೆಂಗಳೂರಿನ ಲಿಂಗರಾಜಪುರದಲ್ಲಿ 1959ರಲ್ಲಿ ಶುರುವಾದ, ಅಂಗವಿಕಲರಿಗಾಗಿ ದುಡಿಯುವ ಎಪಿಡಿ ಸಂಸ್ಥೆ, ದೂರವಾದರೂ ಪರವಾಗಿಲ್ಲವೆಂದರೆ ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆ, ಇವುಗಳಲ್ಲಿ ಒಂದನ್ನು ವಿಚಾರಿಸಿ. ವೆಲ್ಲೂರಿನ ಪುನಶ್ಚೇತನ ವಿಭಾಗ ಕಟ್ಟಿದ ಡಾ. ಮೇರಿ ವರ್ಗೀಸ್ ಸ್ವತಃ 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ದಾಂಪತ್ಯದ, ಮಕ್ಕಳ ಪ್ರಶ್ನೆಗಳೂ ನಿಮ್ಮ ತಮ್ಮನಲ್ಲಿ ಇದ್ದೇ ಇರುತ್ತವೆ. ಅವುಗಳಿಗೂ ವೈದ್ಯರ ಬಳಿ ಉತ್ತರವಿದೆ. ಕೇಳುವಾಗ ನೀವು ಹೊರಗೆ ಕೂರಿ.

ಮನೆಯ ಮಾತಿಗೆ ಬರುತ್ತೇನೆ. ಇಳಿಜಾರಿಗೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ ಬೇಕು. ನಮ್ಮ ಜಗಲಿ ಎರಡಡಿ. ಮೇಸ್ತ್ರಿ ಎಂಟಡಿಯಲ್ಲಿ ಮುಗಿಸಿ ಕೈ ತೊಳೆದುಕೊಂಡಿದ್ದ. ಬೈಕ್ ಹತ್ತಿಸಲು ಸರಿಯಾಗಿತ್ತು. ಒಡೆದು ಇಪ್ಪತ್ನಾಲ್ಕು ಅಡಿ ಮಾಡಿಸಿದಾಗ, ಅಡಿಕೆ ಹರವುವ ಅಂಗಳ ಹಾಳಾಯಿತೆಂದು ಅಪ್ಪ ತಿಂಗಳುಗಟ್ಟಲೆ ಗೊಣಗಿದರು. ಹೊಸ್ತಿಲು ಕಡಿಯಲು ಅಮ್ಮ ಒಪ್ಪಲೇ ಇಲ್ಲ, ಅದರ ಎರಡೂ ಬದಿಗೆ ಹಲಗೆ ಕೊಟ್ಟೆವು. ಅಂಗವೈಕಲ್ಯ ಪ್ರಮಾಣಪತ್ರ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಮೀಸಲಾತಿಗೆ ಕನಿಷ್ಠ 40 ಶೇಕಡಾ ವೈಕಲ್ಯ ಇರಬೇಕು.

ಇದೆಲ್ಲಕ್ಕಿಂತ ನನಗೆ ಹೆಚ್ಚು ನೋವಾದದ್ದು ಬೇರೆ. ಬಿದ್ದ ವರ್ಷ ನಮ್ಮ ಅಡಿಕೆ ಮಾರಿದ ಸಂಗತಿ ನನಗೆ ತಿಳಿದದ್ದು ಪಕ್ಕದ ಮನೆಯವರಿಂದ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. "ಅವನಿಗೆ ಸುಮ್ಮನೆ ಯಾಕೆ ತಲೆಬಿಸಿ" ಎಂಬ ಪ್ರೀತಿ ಅದು. ಅದೇ ಪ್ರೀತಿಯಿಂದ ನೆಂಟರು ಮದುವೆಗೆ ಕರೆಯುವುದನ್ನೂ ಬಿಟ್ಟರು. ಕರೆದವರ ಮನೆಯಲ್ಲಿ ನಾಲ್ವರು ಕುರ್ಚಿ ಹೊತ್ತು ಮೆಟ್ಟಿಲು ಹತ್ತಿಸುತ್ತಿದ್ದರು. ಪಲ್ಲಕ್ಕಿ ಉತ್ಸವ ದೇವರಿಗೆ ಹಿಡಿಸೀತು, ನನಗೆ ಹಿಡಿಸುವುದಿಲ್ಲ.

ಎರಡನೇ ಸುಗ್ಗಿಯಲ್ಲಿ ಅಡಿಕೆ ಸುಲಿಯುವವರು ಎಷ್ಟು ಡಬ್ಬ ತುಂಬಿದರೆಂಬ ಲೆಕ್ಕ ಬರೆಯಲು ಬೇರೆ ಯಾರೂ ಇಲ್ಲದೆ ನನ್ನನ್ನು ಕೂರಿಸಿದರು. ರಾತ್ರಿ ಹತ್ತರವರೆಗೆ ಚಪ್ಪರದಡಿ ಅವರ ಹರಟೆ, ಜಗಳ, ನಡುವೆ ನನ್ನ ಪುಸ್ತಕ. ಒಬ್ಬಾಕೆ ಒಂದು ಡಬ್ಬ ಕಡಿಮೆ ಬರೆದೆನೆಂದು ನನ್ನ ಮೇಲೆ ಕೂಗಾಡಿದಳು. ಎರಡು ವರ್ಷದಲ್ಲಿ ನನ್ನ ಮೇಲೆ ರೇಗಿದ ಮೊದಲ ಮನುಷ್ಯಳು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಈಗ ಸುತ್ತಿನ ಆರು ಮನೆಗಳ ಲೆಕ್ಕ ನನ್ನದೇ.

1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನನಗೆ ಇಷ್ಟ. ತುರ್ತು ಚಿಕಿತ್ಸಾ ಸಿಬ್ಬಂದಿಯನ್ನು ಕೇಳಿದರಂತೆ: ನಿಮಗೇ ತೀವ್ರವಾದ ಬೆನ್ನುಹುರಿ ಪೆಟ್ಟಾಗಿದ್ದರೆ, ಬದುಕಿ ಉಳಿದದ್ದಕ್ಕೆ ಸಂತೋಷಪಡುತ್ತಿದ್ದಿರಾ? ಹೌದೆಂದವರು 18 ಶೇಕಡಾ. ಅಂಥ ಪೆಟ್ಟಾಗಿಯೇ ಬದುಕುತ್ತಿರುವವರಲ್ಲಿ ಹೌದೆಂದವರು 92 ಶೇಕಡಾ. ನಿಮ್ಮ ಪ್ರಶ್ನೆ ಓದಿದಾಗ ನೆನಪಾದದ್ದು ಇದೇ: ಕೇಳಿರುವುದು ನೀವು, ಅವನಲ್ಲ. ಮೂತ್ರದ ವ್ಯವಸ್ಥೆ ಈ ವಾರವೇ ಆಗಲಿ, ಇಳಿಜಾರು ಬೇಸಿಗೆಗೆ ಆಗಲಿ. ಮುಂದಿನ ಪ್ರಶ್ನೆಯನ್ನು ಅವನೇ ಬರೆಯಲಿ, ಮೊಬೈಲ್ ಹಿಡಿಯುವ ಕೈಗಳಿಗೆ ಏನೂ ಆಗಿಲ್ಲವಲ್ಲ.