ಕೆಲಸ ಬಿಟ್ಟರೆ ಮಗನ ಮೇಲೆ ರೇಗುವುದು ನಿಲ್ಲುತ್ತದಾ?

ರಾಜೀನಾಮೆ ಕೊಡಬೇಡಿ. ಸದ್ಯಕ್ಕಂತೂ ಬೇಡವೇ ಬೇಡ.

ಮೂರು ವರ್ಷದ ಮಗ, ಸರ್ಕಾರಿ ಶಾಲೆಯ ಕೆಲಸ, ಕೈಗಾದಲ್ಲಿ ಪಾಳಿ ಮಾಡುವ ಯಜಮಾನರು, ಸಂಜೆಯಾದರೆ ಸಣ್ಣದಕ್ಕೂ ರೇಗಾಟ, ರಾತ್ರಿ ಅಳು. ಕೆಲಸ ಬಿಟ್ಟರೆ ಒಳ್ಳೆಯ ಅಮ್ಮ ಆಗಬಹುದಾ ಅಂತ ಕೇಳಿದ್ದೀರಿ. ಕಾರವಾರ ತೆಗೆದು ಶಿರಸಿ ಅಂತ ಹಾಕಿದರೆ ಇದು ನನ್ನದೇ ಪ್ರಶ್ನೆ. ನಾನು ಬಿಟ್ಟೆ. ಏನಾಯಿತು ಕೇಳಿ.

ಶಿರಸಿ ಪೇಟೆಯ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮನೆ ಸಿದ್ದಾಪುರ ರಸ್ತೆಯಿಂದ ಒಳಗೆ. ಅಡಿಕೆ ತೋಟ, ಅತ್ತೆ, ಮಾವ, ನಾವಿಬ್ಬರು, ಮಗಳು. ಬೆಳಿಗ್ಗೆ ತಿಂಡಿ ಮುಗಿಸಿ ಬಸ್ಸಿಗೆ ಓಟ, ಸಂಜೆ ಬಂದು ಮತ್ತೆ ಒಲೆ ಮುಂದೆ. ಕೊಯ್ಲಿನ ಕಾಲವಂತೂ ಕೇಳಬೇಡಿ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬಂದ ದಿನ ಆಳುಗಳಿಗೆಲ್ಲ ಚಾ, ತಿಂಡಿ. ರಾತ್ರಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂತವರಿಗೆ ಇನ್ನೊಂದು ಸುತ್ತು ಚಾ.

ಅಂಥದ್ದೇ ಒಂದು ಸಂಜೆ ಮಗಳ ಕೈಯಿಂದ ಹಾಲಿನ ಲೋಟ ಬಿತ್ತು. ಅವಳು ಲೋಟ ನೋಡಲಿಲ್ಲ, ಚೆಲ್ಲಿದ ಹಾಲನ್ನೂ ನೋಡಲಿಲ್ಲ. ಸೀದಾ ನನ್ನ ಮುಖ ನೋಡಿದಳು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಹಾಲು ಹರಿದು ಅವಳ ಕಾಲ್ಬೆರಳಿನ ಸಂದಿಗೆ ಬಂದರೂ ನಿಂತಲ್ಲಿಂದ ಅಲ್ಲಾಡಲಿಲ್ಲ. ಆ ವಾರವೇ ರಾಜೀನಾಮೆ ಬರೆದೆ.

ನನ್ನ ಲೆಕ್ಕ ಎಲ್ಲಿ ತಪ್ಪಿತು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ನೀವೂ ಅದೇ ಲೆಕ್ಕ ಹಾಕುತ್ತಿದ್ದೀರಿ. ಆಫೀಸು, ಬಸ್ಸು ಸೇರಿ ದಿನಕ್ಕೆ ಹತ್ತು ಗಂಟೆ. ಕೆಲಸ ಬಿಟ್ಟರೆ ಅಷ್ಟೂ ಮಗಳಿಗೆ ಅಂದುಕೊಂಡೆ. ಆ ಹತ್ತು ಗಂಟೆ ಮನೆ ಹೇಗೆ ನಡೆಯುತ್ತಿತ್ತು ಅಂತ ನೋಡಲೇ ಇಲ್ಲ. ಅತ್ತೆ ಅವಳಿಗೆ ಮೀಯಿಸಿ, ಉಣ್ಣಿಸಿ, ಮಲಗಿಸುತ್ತಿದ್ದರು. ಮಾವ ತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಮಧ್ಯಾಹ್ನದ ಪಾತ್ರೆ ಇವರೇ, ಅಂದರೆ ನಮ್ಮ ಯಜಮಾನರೇ, ತೊಳೆಯುತ್ತಿದ್ದರು. ಇದನ್ನೆಲ್ಲ ಯಾರೂ ಕೂತು ಮಾತಾಡಿ ಹಂಚಿಕೊಂಡಿದ್ದಲ್ಲ. ನಾನು ಮನೆಯಲ್ಲಿಲ್ಲ, ಅದಕ್ಕೆ ನಡೆಯುತ್ತಿತ್ತು ಅಷ್ಟೇ. ನಾನು ಮನೆಯಲ್ಲಿ ಕೂತೆ, ಕೆಲಸಗಳು ಒಂದೊಂದಾಗಿ ಸದ್ದಿಲ್ಲದೆ ನನ್ನ ಕಡೆ ಬಂದವು. ಯಾರೂ ಕೆಟ್ಟವರಲ್ಲ. ಅತ್ತೆಗೆ ಮಂಡಿನೋವು, ಅಷ್ಟು ದಿನ ಹಲ್ಲು ಕಚ್ಚಿ ಮಾಡಿದ್ದರು. ಆಮೇಲೆ ನಾದಿನಿ ಹೆರಿಗೆಗೆ ಬಂದಳು. ಅವಳ ತವರು ಇದು, ಬರಬೇಕಾದ್ದೇ. ಆದರೆ ಎಣ್ಣೆ, ನೀರು ಹಾಕಲು ಗೊತ್ತು ಮಾಡಿದ್ದ ಹೆಂಗಸನ್ನು ಬೇಡ ಅಂದುಬಿಟ್ಟರು. "ಹೆಂಗೂ ನೀ ಮನೇಲೇ ಇದ್ಯಲೇ."

ದುಡ್ಡಿನ ವಿಷಯ ಬೇರೆ. ಶಕ್ತಿ ಯೋಜನೆ ಬಂದಿದ್ದು 2023ರಲ್ಲಿ, ಇದು ಅದಕ್ಕೂ ಮೊದಲು. ಪೇಟೆಗೆ ಹೋಗಬೇಕಂದರೆ ಬಸ್ ಚಾರ್ಜಿಗೂ ಕೈಚಾಚಬೇಕು. ಲೆಕ್ಕ ಬರೆಯುತ್ತಿದ್ದವಳು ಹೂವು, ಪಿನ್ನಿಗೆಲ್ಲ ಲೆಕ್ಕ ಒಪ್ಪಿಸುತ್ತಿದ್ದೆ.

ರೇಗಾಟ ಜಾಸ್ತಿಯಾಯಿತು. ಮೊದಲು ಸಂಜೆ ಮಾತ್ರ ಇತ್ತು, ಈಗ ದಿನವಿಡೀ.

ಬೆಲ್ಜಿಯಂನ ಇಸಾಬೆಲ್ ರೋಸ್ಕಾಮ್ ಮತ್ತು ಮೊಯ್ರಾ ಮಿಕೊಲಾಯ್ಚಾಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಪ್ಪ ಅಮ್ಮಂದಿರ ಬಳಲಿಕೆಯನ್ನೇ ಹಿಡಿದು ಕೆಲಸ ಮಾಡಿದ್ದಾರೆ. ಅವರು ಹೇಳುವುದು ಸರಳ. ಮೈಮೇಲೆ ಬೀಳುವ ಹೊರೆ ಒಂದು ಕಡೆ, ಆಸರೆ ಒಂದು ಕಡೆ. ಹೊರೆಯೇ ಹೆಚ್ಚಾಗಿ ಬಹಳ ದಿನ ನಡೆದರೆ ಮನುಷ್ಯ ಬಸವಳಿಯುತ್ತಾನೆ, ಮಕ್ಕಳಿಂದ ಮನಸ್ಸು ದೂರವಾಗುತ್ತದೆ, ಅವರ ಜೊತೆ ಇರುವ ಖುಷಿಯೇ ಹೋಗುತ್ತದೆ. ನಾನು ಕೆಲಸ ಬಿಟ್ಟು ಕಳೆದುಕೊಂಡಿದ್ದು ಆಸರೆಯನ್ನೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್, ಅಂದರೆ ಹೀಗೆ ಬಸವಳಿಯುವುದು, ಅನ್ನುವುದನ್ನು ನೌಕರಿಗೆ ಮಾತ್ರ ಸೇರಿಸಿತು. ಮನೆಯ ಕೆಲಸ ಅವರ ಪಟ್ಟಿಯಲ್ಲಿಲ್ಲ. ನಮ್ಮ ಮನೆಯಲ್ಲೂ ಇರಲಿಲ್ಲ ಬಿಡಿ.

ಕೊನೆಗೆ ತಲೆಸುತ್ತು ಬಂದು ಡಾಕ್ಟರ ಹತ್ತಿರ ಹೋದೆ. ಹಿಮೋಗ್ಲೋಬಿನ್ 8.4. ಹೆಂಗಸರಿಗೆ 12ಕ್ಕಿಂತ ಕೆಳಗೆ ಇದ್ದರೆ ರಕ್ತಹೀನತೆ. ಕಬ್ಬಿಣದ ಮಾತ್ರೆ ಕೊಟ್ಟರು, ಅದನ್ನು ಚಾ ಜೊತೆ ನುಂಗಬೇಡ ಅಂದರು. ಚಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲವಂತೆ. ನಾನು ದಿನವಿಡೀ ಚಾದ ಮೇಲೇ ಬದುಕಿದ್ದೆ! ಆದ್ದರಿಂದ ನೀವು ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12. ನನ್ನ ಸಿಟ್ಟು ಸ್ವಭಾವ ಅಂತ ತಿಳಿದಿದ್ದೆ, ಅರ್ಧ ರಕ್ತದ್ದು.

ಉಳಿದರ್ಧಕ್ಕೆ ಮಾತ್ರೆ ಇಲ್ಲ. ಒಂದು ರಾತ್ರಿ ಊಟವಾದ ಮೇಲೆ ಎಲ್ಲರೆದುರು ಹೇಳಿದೆ: ನಾನು ಮತ್ತೆ ಕೆಲಸ ಹುಡುಕುತ್ತೇನೆ, ಮಗಳನ್ನು ಮಲಗಿಸುವುದು ಇನ್ನು ಮೇಲೆ ಇವರದು. ಸಹಾಯ ಮಾಡಿ ಅಂತ ಕೇಳಲಿಲ್ಲ. ಸಹಾಯ ಅಂದರೆ ಕೆಲಸ ನನ್ನದೇ ಅಂತಾಗುತ್ತದೆ, ಅಲ್ವಾ? ಮೊದಲ ದಿನಗಳಲ್ಲಿ ಅವಳು "ಆಯಿ ಬೇಕು" ಅಂತ ಕಿರುಚುತ್ತಿದ್ದಳು. ನಾನು ಮಾಳಿಗೆಯ ಮೆಟ್ಟಿಲ ಮೇಲೆ ಸೆರಗು ಹಿಂಡುತ್ತಾ ಕೂತಿರುತ್ತಿದ್ದೆ. ಒಳಗೆ ಇವರು ಮಂಗ ಬಂದು ಅಡಿಕೆ ಕಿತ್ತು ಎಸೆದ ಕಥೆ ಹೇಳುತ್ತಿದ್ದರು, ಪಾಪ, ಅವರಿಗೆ ಬೇರೆ ಕಥೆ ಗೊತ್ತಿರಲಿಲ್ಲ. ಆಮೇಲಾಮೇಲೆ ಅವಳಿಗೆ ಆ ಮಂಗವಿಲ್ಲದೆ ನಿದ್ದೆ ಬರದಂತಾಯಿತು.

ಅತ್ತೆ ಸುಮ್ಮನಿರುತ್ತಾರಾ? ಆಗ ತಮ್ಮದನ್ನು ತೆಗೆದರು. ಇವರು ಅಂಬೆಗಾಲಿಡುವಾಗ ಸೊಂಟಕ್ಕೆ ಹಳೇ ಸೀರೆ ಕಟ್ಟಿ ಜಗಲಿ ಕಂಬಕ್ಕೆ ಬಿಗಿದು ತೋಟಕ್ಕೆ ಹೋಗುತ್ತಿದ್ದರಂತೆ. ಬಂದು ನೋಡಿದರೆ ಅತ್ತೂ ಅತ್ತೂ ಕಂಬದ ಬುಡದಲ್ಲೇ ಮಲಗಿರುತ್ತಿತ್ತಂತೆ ಮಗು. ಇವರು ತಲೆ ತಗ್ಗಿಸಿ ಕೇಳುತ್ತಿದ್ದರು. ಮಾರನೇ ದಿನ ಅತ್ತೆಯನ್ನು ಮಂಡಿ ತೋರಿಸಲು ಪೇಟೆಗೆ ಕರೆದುಕೊಂಡು ಹೋದವರೂ ಇವರೇ.

ರೇಗುವುದು ಪೂರ್ತಿ ನಿಂತಿಲ್ಲ. ರೇಗಿದ ಮೇಲೆ ಮಗಳ ಹತ್ತಿರ ಹೋಗಿ "ಆಯಿದು ತಪ್ಪಾಯಿತು" ಅನ್ನುತ್ತೇನೆ. ಮಕ್ಕಳ ಹತ್ತಿರ ಹಾಗೆಲ್ಲ ಹೇಳುತ್ತಾರಾ ಅಂತ ಅತ್ತೆ ನಗುತ್ತಾರೆ. ನಗಲಿ. ಎಡ್ವರ್ಡ್ ಟ್ರಾನಿಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ ತಾಯಿ ಮತ್ತು ಕೂಸುಗಳನ್ನು ವರ್ಷಗಟ್ಟಲೆ ಗಮನಿಸಿ ಕಂಡಿದ್ದೂ ಇದನ್ನೇ: ಚೆನ್ನಾಗಿರುವ ತಾಯಿ ಮಕ್ಕಳ ನಡುವೆಯೂ ತಾಳ ತಪ್ಪುತ್ತಲೇ ಇರುತ್ತದೆ, ಮತ್ತೆ ಕೂಡಿಸಿಕೊಳ್ಳುವುದು ಮುಖ್ಯ.

ಕೆಲಸ ಸಿಕ್ಕಿತು, ಬೇರೆ ಸೊಸೈಟಿಯಲ್ಲಿ. ನನಗಿಂತ ಕಿರಿಯಳಾಗಿದ್ದವಳಿಗಿಂತ ಕಡಿಮೆ ಸಂಬಳ. ಬಿಟ್ಟಿದ್ದಕ್ಕೆ ತೆತ್ತ ಬೆಲೆ ಅದು, ಪ್ರತಿ ತಿಂಗಳೂ ತೆರುತ್ತಿದ್ದೇನೆ.

ನಿಮಗೆ ಆ ಗತಿ ಬೇಡ. ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ 2021ರಲ್ಲಿ ಶಿಶುಪಾಲನಾ ರಜೆ ಬಂದಿದೆ, ಇಡೀ ಸೇವೆಯಲ್ಲಿ 180 ದಿನ. ಮುಖ್ಯೋಪಾಧ್ಯಾಯರನ್ನು ಕೇಳಿ. ಆದರೆ ರಜೆ ಹಾಕುವ ಮೊದಲೇ ಮನೆಯಲ್ಲಿ ಮಾತು ಮುಗಿಸಿ, ಇಲ್ಲದಿದ್ದರೆ ನನಗಾದದ್ದೇ ಆ ಆರು ತಿಂಗಳಲ್ಲಿ ನಿಮಗಾಗುತ್ತದೆ. ಜೀವ ಬೇಡ ಅನ್ನಿಸಿದರೆ, ಮಗನಿಗೆ ಏನಾದರೂ ಮಾಡಿಬಿಡುತ್ತೇನೇನೋ ಅಂತ ಹೆದರಿಕೆಯಾದರೆ, ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಯಜಮಾನರು. ಪಾಳಿ ಕೆಲಸ, ಅವರಿಗೆ ಟೈಮೇ ಇಲ್ಲ ಅಂತ ನೀವೇ ಅವರ ಪರವಾಗಿ ಬರೆದಿದ್ದೀರಿ. ಪಾಳಿಯವರಿಗೆ ಹಗಲು ಮನೆಯಲ್ಲಿರುವ ದಿನಗಳು ನಿಮಗಿಂತ ಜಾಸ್ತಿ. ಈ ತಿಂಗಳ ಪಾಳಿ ಪಟ್ಟಿ ಎದುರಿಗೆ ಇಟ್ಟುಕೊಂಡು, ಯಾವ್ಯಾವ ದಿನ ಮಗನ ಸ್ನಾನ, ಊಟ, ನಿದ್ದೆ ಪೂರ್ತಿ ಅವರದು ಅಂತ ಅವರ ಕೈಯಲ್ಲೇ ಗುರುತು ಹಾಕಿಸಿ.